ಹತ್ತು ಲೀಟರ್ ಹಾಲು, ಒಂದು ಚಿಟಿಕೆ ರೆನೆಟ್

ಮನೆಯಲ್ಲೇ ಚೀಸ್ ಮಾಡಿದರೆ ಅಗ್ಗ ಎಂದು ಯಾರಾದರೂ ಹೇಳಿದರೆ, ಹಾಲಿಗೆ ಎಷ್ಟು ದರ ಹಿಡಿದಿರಿ ಎಂದು ಮೊದಲು ಕೇಳಿ. ಹಿತ್ತಲಲ್ಲಿ ಎಮ್ಮೆ ಇದ್ದವರು ಹಾಲಿನ ದರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದೇ ಹಾಲನ್ನು ಡೇರಿಗೆ ಹಾಕಿದ್ದರೆ ಫ್ಯಾಟ್ ನೋಡಿ ಕೊಡುವ ರೊಕ್ಕ ಬರುತ್ತಿತ್ತು, ಅದರ ಮೇಲೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಎರಡನ್ನೂ ಬಿಟ್ಟುಕೊಟ್ಟು ಹಾಲನ್ನು ಒಲೆಯ ಮೇಲಿಟ್ಟಿದ್ದೇವೆ ಎಂಬುದು ನೆನಪಿರಲಿ.

ಗದಗ ಜಿಲ್ಲೆಯ ರೋಣದ ನಮ್ಮ ಮನೆಯಲ್ಲಿ ನಾನು ಎಮ್ಮೆ ಹಾಲಿಗೆ ಲೀಟರಿಗೆ 60 ರೂಪಾಯಿ ಹಿಡಿಯುತ್ತೇನೆ. ನೀವು ನಿಮ್ಮ ಓಣಿಯ ದರ ಹಾಕಿಕೊಳ್ಳಿ. ಹತ್ತು ಲೀಟರಿಗೆ 600 ರೂಪಾಯಿ. ಒಳ್ಳೆಯ ಎಮ್ಮೆ ಹಾಲಾದರೆ ಸುಮಾರು ಎರಡು ಕಿಲೊ ಪನೀರ್ ಸಿಗುತ್ತದೆ, ಮೊಝರೆಲ್ಲಾ ಮಾಡಿದರೆ ಒಂದೂವರೆ ಕಿಲೊದ ಆಸುಪಾಸು. ಅಂದರೆ ಪನೀರ್ ಕಿಲೊಗೆ 300, ಮೊಝರೆಲ್ಲಾ 400. ಗ್ಯಾಸು, ಉಪ್ಪು, ನಮ್ಮ ದುಡಿಮೆ ಬೇರೆ. ಅತ್ತ 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿದ ಪನೀರಿನ ಮೇಲಿದ್ದ 5 ಪ್ರತಿಶತ ಜಿಎಸ್‌ಟಿ ಪೂರ್ತಿ ಹೋಯಿತು, ಚೀಸಿನದು 12ರಿಂದ 5ಕ್ಕೆ ಇಳಿಯಿತು. ಅಂಗಡಿಯ ಮಾಲಿಗೂ ಮನೆಯ ಮಾಲಿಗೂ ಇರುವ ಅಂತರ ದೊಡ್ಡದಲ್ಲ. ಅಂಥ ಸಣ್ಣ ಉಳಿತಾಯವನ್ನು ಸಾಮಾನು ಕೊಳ್ಳುವ ಭರದಲ್ಲಿ ಒಂದೇ ದಿನ ಕಳೆದುಬಿಡಬಹುದು.

ಚೀಸ್ ಕಿಟ್ ಎಂದು ಚಂದದ ಡಬ್ಬಿಯಲ್ಲಿ ಬರುತ್ತದಲ್ಲ, ಅದನ್ನು ಬಿಚ್ಚಿ ನೋಡಿ. ಒಂದು ತುಂಡು ಬಟ್ಟೆ, ಪ್ಲಾಸ್ಟಿಕ್ ಅಚ್ಚು, ಉಪ್ಪು, ಸಿಟ್ರಿಕ್ ಆ್ಯಸಿಡ್, ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್, ಥರ್ಮಾಮೀಟರ್. ಇದರಲ್ಲಿ ರೊಕ್ಕ ಕೊಟ್ಟು ತರಿಸಬೇಕಾದದ್ದು ಕೊನೆಯ ಎರಡು ಮಾತ್ರ. ಬಟ್ಟೆಯನ್ನು ನಾವು ಹೊರಗಿಂದ ತರಿಸುವುದೆಂದರೆ ನಗೆಪಾಟಲು. ಪಟ್ಟೇದ ಅಂಚಿನ ಸೀರೆ ನೇಯ್ದ ಗಜೇಂದ್ರಗಡ ಪಕ್ಕದಲ್ಲೇ ಇದೆ. ಬಣ್ಣ ಹಾಕದ ಹತ್ತಿ ಬಟ್ಟೆ ಒಂದು ಮೀಟರ್ ತಂದು, ಗಂಜಿ ಬಿಡುವ ತನಕ ಕುದಿಸಿ ಒಗೆದರೆ ವರ್ಷಗಟ್ಟಲೆ ಬಾಳುತ್ತದೆ. ಹಳೆಯ ಸ್ಟೀಲ್ ಡಬ್ಬಿಗೆ ತೂತು ಹಾಕಿಸಿದರೆ ಅಚ್ಚಾಯಿತು. ಮೇಲೆ ಭಾರ ಹೇರಲು ಅಡುಗೆಮನೆಯ ಗುಂಡುಕಲ್ಲು ಸಾಕು. ಉಪ್ಪು ಅಯೋಡಿನ್ ಇಲ್ಲದ ಹರಳುಪ್ಪು. ಹೆಪ್ಪು ಗಟ್ಟಿಯಾಗಲೆಂದು ಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಬೇಕಾಗುವುದು ಪ್ಯಾಕೆಟ್ ಹಾಲಿನಲ್ಲಿ ಮಾಡುವವರಿಗೆ. ಅವರೂ ಆಹಾರ ದರ್ಜೆಯದನ್ನೇ ಕೇಳಿ ತರಬೇಕು.

ಥರ್ಮಾಮೀಟರ್ ಯಾಕೆ ಬೇಕು? ನಮ್ಮ ಕಡೆ ಹಾಲೆಂದರೆ ಉಕ್ಕಿಸಿಯೇ ಇಳಿಸುವ ರೂಢಿ. ಪನೀರಿಗೆ ಅದು ಸರಿ. ಆದರೆ ಕುದಿಸಿದ ಹಾಲಿಗೆ ರೆನೆಟ್ ಹಾಕಿದರೆ ಗಟ್ಟಿ ಹೆಪ್ಪಾಗುವುದಿಲ್ಲ, ಮೆತ್ತಗೆ ಹಿಂಡಿಹಿಂಡಿಯಾಗುತ್ತದೆ. ಹಾಗೆಂದು ಹಸಿ ಹಾಲು ಬಳಸುವುದೂ ಅಪಾಯವೇ. ದನಗಳಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲಾ ಜ್ವರಕ್ಕೆ ಹಸಿ ಹಾಲು ಒಂದು ದಾರಿ. ನಡುವಿನ ದಾರಿಯೆಂದರೆ 63 ಡಿಗ್ರಿಯಲ್ಲಿ 30 ನಿಮಿಷ ಹಿಡಿದಿಟ್ಟು, 32 ಡಿಗ್ರಿ ಹತ್ತಿರಕ್ಕೆ ಆರಿಸಿ, ಆಮೇಲೆ ರೆನೆಟ್ ಹಾಕುವುದು. ಇದನ್ನು ಬೆರಳು ಅದ್ದಿ ಹೇಳಲಾಗದು. ಕೆಲವೇ ನೂರು ರೂಪಾಯಿಯ ಕಡ್ಡಿ ಥರ್ಮಾಮೀಟರ್ 600 ರೂಪಾಯಿಯ ಹಾಲನ್ನು ಕಾಯುತ್ತದೆ.

ರೆನೆಟ್ ಎಂದರೆ ಮೊದಲು ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ಕಿಣ್ವ. ಲಿಂಗಾಯತ ಮನೆಗಳು ಹೆಚ್ಚಿರುವ ನಮ್ಮ ಊರುಗಳಲ್ಲಿ ಅದರ ಹೆಸರೆತ್ತಿದರೂ ಒಲೆ ಆರಿಸಿಬಿಡುತ್ತಾರೆ! ಈಗ ನಮ್ಮಲ್ಲಿ ಬಳಕೆಯಲ್ಲಿರುವುದು ಒಂದು ಬಗೆಯ ಶಿಲೀಂಧ್ರದಿಂದ ತಯಾರಿಸಿದ ಸಸ್ಯಾಹಾರಿ ರೆನೆಟ್. ಪಟ್ಟಿಯ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳಿ, ಅತಿ ಸಣ್ಣ ಪ್ಯಾಕು ಕೊಳ್ಳಿ. ಹತ್ತು ಲೀಟರಿಗೆ ಬೇಕಾಗುವುದು ಚಿಟಿಕೆಯಷ್ಟೇ. ದ್ರವದ್ದಕ್ಕಿಂತ ಪುಡಿ, ಗುಳಿಗೆ ನಮ್ಮ ಬಿಸಿಲಿಗೆ ಹೆಚ್ಚು ತಾಳುತ್ತವೆ. ನಾನು ಮೊದಲ ಸಲ ತರಿಸಿದಾಗ ಓಣಿಯ ಅಕ್ಕ ಒಬ್ಬರು, "ಏನ್ರೀ, ಚಲೋ ಹಾಲು ಒಡಸಾಕ ರೊಕ್ಕ ಕೊಟ್ಟು ಪುಡಿ ತರಸ್ತೀರಲ್ರೀ!" ಎಂದಿದ್ದರು. ಈಗ ಆ ಪ್ಯಾಕಿನಲ್ಲಿ ಅವರದೂ ಪಾಲಿದೆ. ಕೊರಿಯರ್ ಖರ್ಚು ಹಂಚಿಹೋಗುತ್ತದೆ, ಅವಧಿ ಮೀರುವ ಮೊದಲೇ ಪುಡಿಯೂ ಮುಗಿಯುತ್ತದೆ.

ಹಾಲನ್ನು ಹುಳಿಯಾಗಿಸಲು ಹಾಕುವ ಕಲ್ಚರ್ ಪೊಟ್ಟಣಗಳ ಮಾತು ಬೇರೆ. ಅವು ಫ್ರೀಜರಿನಲ್ಲೇ ಇರಬೇಕು, ಹೆಚ್ಚಿನವು ದೊಡ್ಡ ಡೇರಿಗಳ ಅಳತೆಗೆ ಕಟ್ಟಿದವು. ಕರೆಂಟು ಹೋಗಿ ಬರುವ ಊರಿನಲ್ಲಿ ಅದರ ಮೇಲೆ ರೊಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ. ತಾಜಾ ಚೀಸಿಗೆ ಮನೆಯ ಹುಳಿಯಾಗದ ಮೊಸರೇ ಹೆಪ್ಪಾಗುತ್ತದೆ. ತಿಂಗಳುಗಟ್ಟಲೆ ಹಣ್ಣಾಗಿಸುವ ಗಟ್ಟಿ ಚೀಸಿಗೆ 10ರಿಂದ 13 ಡಿಗ್ರಿಯ ತಂಪು, ತೇವ ಎರಡೂ ಬೇಕು. ಅದಕ್ಕೆಂದೇ ಇನ್ನೊಂದು ಫ್ರಿಜ್, ಅದರ ಬಿಲ್ಲು! ಹವ್ಯಾಸವೆಂದರೆ ಮಾಡಿ, ಉಳಿತಾಯವೆಂದು ಮಾತ್ರ ಹೇಳಬೇಡಿ.

ನಮ್ಮ ಕೈಯಲ್ಲಿರುವ ಆಸ್ತಿ ಹಾಲೇ. ಧಾರವಾಡ ಪೇಡೆಗೆ ಹೆಸರು ತಂದ ಧಾರವಾಡಿ ಎಮ್ಮೆ ಗದಗ ಜಿಲ್ಲೆಯದೂ ಹೌದು, ಈಗ ಅಧಿಕೃತ ತಳಿಯೆಂಬ ಮಾನ್ಯತೆಯೂ ಅದಕ್ಕಿದೆ. ಹಾಲು ಕಡಿಮೆ ಕೊಟ್ಟರೂ ಕೊಬ್ಬು 7 ಪ್ರತಿಶತದ ಹತ್ತಿರ. ಮಲಪ್ರಭಾ ಕಾಲುವೆಯ ನರಗುಂದದ ಕಡೆ ಹಸಿ ಮೇವು ಸಿಗುತ್ತದೆ. ರೋಣ, ಗಜೇಂದ್ರಗಡದ ಒಣಬೇಸಾಯದಲ್ಲಿ ಜೋಳದ ಕಣಿಕೆಯೇ ಗತಿ, ಬೇಸಿಗೆಗೆ ಹಾಲು ಇಳಿಯುತ್ತದೆ, ದರ ಏರುತ್ತದೆ. ಎಮ್ಮೆಗಳು ಕರು ಹಾಕಿ ಹಾಲು ಹೆಚ್ಚುವ ಚಳಿಗಾಲವೇ ಚೀಸಿನ ಕಾಲ. ಸೋಸಿದ ನೀರನ್ನೂ ಚೆಲ್ಲಬೇಡಿ. ಹತ್ತು ಲೀಟರಿನಲ್ಲಿ ಎಂಟರಷ್ಟು ಅದೇ ಬರುತ್ತದೆ. ಕುದಿಸಿ ಜೋಳದ ಹಿಟ್ಟು ನಾದಿದರೆ ರೊಟ್ಟಿ ಮೆತ್ತಗೆ, ಉಳಿದದ್ದು ಎಮ್ಮೆಯ ಮುಸುರೆಗೆ.

ಕಲಿಕೆಗೆ ಎಷ್ಟು ಖರ್ಚು ಮಾಡಬೇಕು? 1927ರಲ್ಲಿ ಗಾಂಧೀಜಿ ಬೆಂಗಳೂರಿನ ಆಡುಗೋಡಿಯ ಡೇರಿ ಸಂಸ್ಥೆಗೆ ಹೋಗಿ ಹೈನಿನ ಪಾಠ ಕಲಿತಿದ್ದರು. ಅಲ್ಲಿ ಈಗಲೂ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ. ಹೆಬ್ಬಾಳದಲ್ಲಿ ಡೇರಿ ವಿಜ್ಞಾನ ಕಾಲೇಜಿದೆ. ಆದರೆ ಬೆಂಗಳೂರಿಗೆ ಟಿಕೆಟು ತೆಗೆಸುವ ಮೊದಲು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹಾಲಿನ ಪದಾರ್ಥಗಳ ತರಬೇತಿ ಯಾವಾಗ ಎಂದು ವಿಚಾರಿಸಿ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಕಲಿಕೆ, ಊಟ, ವಸತಿ ಎಲ್ಲ ಉಚಿತ. ಅಮೆರಿಕದ ರಿಕಿ ಕ್ಯಾರಲ್ ಬರೆದ 'ಹೋಮ್ ಚೀಸ್ ಮೇಕಿಂಗ್' ಹೆಸರಾದ ಪುಸ್ತಕ, ಓದಲು ಸೊಗಸು. ಆದರೆ ಅಂಥ ಪುಸ್ತಕಗಳು ಕೋಣೆಯ ಶಾಖ ಎಂದಾಗ ಏಪ್ರಿಲಿನ ರೋಣವನ್ನು ಎಣಿಸಿರುವುದಿಲ್ಲ. ಪುಸ್ತಕದಲ್ಲಿ ರಾತ್ರಿಯಿಡೀ ಬಿಡಿ ಎಂದಿದ್ದರೆ ಇಲ್ಲಿ ಕೆಲವೇ ತಾಸು ಸಾಕು.

ಮಾರುವ ಯೋಚನೆ ಇದ್ದವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಂಡೇ ಮುಂದುವರಿಯಬೇಕು. ಸಹಾಯಧನ ಬರುತ್ತದೆಂದು ಯಂತ್ರ ಕೊಳ್ಳಬೇಡಿ. ಅಂಥ ಯೋಜನೆಗಳ ಹಿಂದೆ ಬ್ಯಾಂಕಿನ ಸಾಲ ಅಂಟಿಕೊಂಡಿರುತ್ತದೆ, ಕಂತು ಎಮ್ಮೆ ಬತ್ತಿದಾಗಲೂ ಕಟ್ಟಬೇಕು.

ಮನೆಮಟ್ಟಿಗೆ ನನ್ನ ಮಿತಿ ಒಂದೂವರೆ ಸಾವಿರ ರೂಪಾಯಿ: ಥರ್ಮಾಮೀಟರ್, ರೆನೆಟ್, ಬಟ್ಟೆ, ಉಳಿದ ಸಣ್ಣಪುಟ್ಟದ್ದು. ಮೊದಲ ಚಳಿಗಾಲ ಪನೀರ್ ಮತ್ತು ಮೊಝರೆಲ್ಲಾ ಎರಡರಲ್ಲೇ ಕೈ ಪಳಗಿಸಿ. ಓಣಿಯ ಮೂರ್ನಾಲ್ಕು ಮನೆಯವರು ಕೂಡಿ ರೆನೆಟ್ ತರಿಸುವುದಾದರೆ ದೀಪಾವಳಿ ದಾಟಿದ ಮೇಲೆ ತರಿಸಿ.