ಖಾಲಿ ಕ್ಯಾರಿಯರಿನ ಬಾಡಿಗೆ

ಮನೆಯ ಲೆಕ್ಕವನ್ನು ಇಪ್ಪತ್ತೆಂಟು ವರ್ಷಗಳಿಂದ ತಪ್ಪದೆ ಬರೆದಿಟ್ಟುಕೊಂಡು ಬಂದಿರುವ ನನಗೆ, ಒಂದು ವೆಚ್ಚವು ತನ್ನ ಸ್ವಂತ ಹೆಸರಿನಲ್ಲಿ ಪುಸ್ತಕದೊಳಕ್ಕೆ ಕಾಲಿಡದೆ, ಬೇರೊಂದು ವೆಚ್ಚದ ಮರೆಯಲ್ಲಿ ನಿಂತು, ಮೂರು ವರ್ಷಗಳಷ್ಟು ದೀರ್ಘಕಾಲ ನನ್ನ ಸಂಪಾದನೆಯನ್ನು ಕರಗಿಸುತ್ತಿರಬಲ್ಲದೆಂಬುದು 2025ರ ಫೆಬ್ರವರಿಯವರೆಗೂ ತಿಳಿದಿರಲಿಲ್ಲ. ಅಟ್ಟೂರಿನ ನಮ್ಮ ಬೀದಿಯಲ್ಲಿ ಹೋಗಿಬರುವವರೆಲ್ಲರ ಕಣ್ಣಿಗೂ ಬೀಳುವಂತೆ ಅದು ನನ್ನ ಕಾರಿನ ನೆತ್ತಿಯ ಮೇಲೆಯೇ, ಕಬ್ಬಿಣದ ಕ್ಯಾರಿಯರಿನ ರೂಪದಲ್ಲಿ, ಕುಳಿತಿತ್ತು. ಪುಸ್ತಕದಲ್ಲಿ ಮಾತ್ರ ‘ಪೆಟ್ರೋಲು’ ಎಂಬ ಒಂದೇ ಮಾತಿನೊಳಗೆ ಕರಗಿಹೋಗಿತ್ತು.

ಅದನ್ನು ಹಾಕಿಸಿದುದು 2022ರ ಜನವರಿಯಲ್ಲಿ. ನಮ್ಮ ಊರು ತಿಪಟೂರಿನ ಸೀಮೆಯದು. ತೋಟವನ್ನು ಅಣ್ಣನೇ ನೋಡಿಕೊಂಡಿದ್ದಾನೆ. ಊರಿಗೆ ಹೋದಾಗಲೆಲ್ಲ ತೆಂಗಿನಕಾಯಿಯ ಮೂಟೆ, ರಾಗಿ, ಹುರುಳಿ, ಹಲಸಿನ ಕಾಲದಲ್ಲಿ ಹಲಸು, ಹೀಗೆ ಏನಾದರೊಂದನ್ನು ತುಂಬಿ ಕಳುಹಿಸದೆ ಅತ್ತಿಗೆಗೆ ಸಮಾಧಾನವಿಲ್ಲ. ಡಿಕ್ಕಿ ತುಂಬಿ ಹಿಂದಿನ ಸೀಟಿನ ಮೇಲೂ ಚೀಲಗಳೇರಿ, ಮಕ್ಕಳು ಮಂಡಿಯ ಮೇಲೆ ಕುಂಬಳಕಾಯಿಯನ್ನಿಟ್ಟುಕೊಂಡು ಗುಬ್ಬಿ, ತುಮಕೂರು, ನೆಲಮಂಗಲಗಳನ್ನು ದಾಟಿ ಬಂದ ಒಂದು ಪ್ರಯಾಣದ ಮರುವಾರವೇ 4,200 ರೂಪಾಯಿ ತೆತ್ತು ಕ್ಯಾರಿಯರನ್ನು ಕೂರಿಸಿದೆನು. ತರುವ ವಸ್ತುಗಳೆಲ್ಲ ಪುಕ್ಕಟೆಯವಾದುದರಿಂದ ಹಾಕಿದ ಹಣ ಎರಡು ಮೂರು ಸಲಕ್ಕೆ ಹಿಂದಿರುಗುವುದೆಂದು ನಾನು ನಂಬಿದ್ದೆನು.

ದಿನನಿತ್ಯದ ನನ್ನ ಓಡಾಟ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶಕ್ಕೆ. ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆಯನ್ನು ಬಿಟ್ಟು, ಯಲಹಂಕದ ಗದ್ದಲವನ್ನು ದಾಟಿ, ರಾಜಾನುಕುಂಟೆ ಹಿಂದಾದೊಡನೆ ರಸ್ತೆ ಬಿಡುವಾಗುತ್ತದೆ, ಕಾಲು ತಾನಾಗಿ ಆಕ್ಸಿಲರೇಟರಿನ ಮೇಲೆ ಒರಗುತ್ತದೆ. ವರ್ಷಕ್ಕೆ ಒಟ್ಟು ಹದಿನಾಲ್ಕು ಸಾವಿರ ಕಿಲೋಮೀಟರು. ಮೈಲೇಜ್ ಕುಗ್ಗಿದೆಯೆಂಬುದನ್ನು ನಾನಾಗಿ ಕಂಡುಕೊಳ್ಳಲಿಲ್ಲ. ಅದೇ ಮಾದರಿಯ ಕಾರನ್ನು ಅದೇ ರಸ್ತೆಯಲ್ಲಿ ಓಡಿಸುವ ಸಹೋದ್ಯೋಗಿಯೊಬ್ಬರು, ಊಟದ ಹೊತ್ತಿನ ಮಾತಿನಲ್ಲಿ, ತಮ್ಮದು ಲೀಟರಿಗೆ ಹದಿನೇಳೂವರೆಗೆ ಕಡಮೆಯಿಲ್ಲವೆಂದು ಹೇಳಿದಾಗ ತಿಳಿಯಿತು.

ಇಷ್ಟು ಕಾಲ ಅದು ಹೇಗೆ ನನ್ನ ಕಣ್ಣಿಗೆ ಬೀಳಲಿಲ್ಲವೆಂಬುದನ್ನು ಯೋಚಿಸಿದೆನು. ನಾನು ಬರೆಯುತ್ತಿದ್ದುದು ರೂಪಾಯಿಗಳನ್ನು, ಲೀಟರುಗಳನ್ನಲ್ಲ. ಕ್ಯಾರಿಯರು ಏರಿದ ಆ ವರ್ಷವೇ ಬೆಂಗಳೂರಿನಲ್ಲಿ ಪೆಟ್ರೋಲಿನ ದರ ಏಪ್ರಿಲ್ ವೇಳೆಗೆ ಲೀಟರಿಗೆ 111 ರೂಪಾಯಿಯನ್ನು ಮುಟ್ಟಿ, ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಬಕಾರಿ ಸುಂಕವನ್ನು 8 ರೂಪಾಯಿಯಷ್ಟು ಇಳಿಸಿದ ಮೇಲೆ 102ರ ಆಸುಪಾಸಿಗೆ ಬಂದಿತು. ಏರಿದಾಗ ಖರ್ಚು ಹೆಚ್ಚಾದುದಕ್ಕೆ ದರವನ್ನು ದೂರಿದೆನು, ಇಳಿದಾಗ ಖರ್ಚು ತಗ್ಗಿತೆಂದು ಸಂತೋಷಪಟ್ಟೆನು. ಎರಡರ ನಡುವೆ ಲೀಟರುಗಳು ಎಷ್ಟಾದವೆಂಬ ಪ್ರಶ್ನೆಯೇ ಏಳಲಿಲ್ಲ. ವಾಹನವುಳ್ಳವರು ಪುಸ್ತಕದಲ್ಲಿ ಹಣದ ಪಕ್ಕಕ್ಕೆ ಲೀಟರನ್ನೂ ಮೀಟರಿನ ಅಂಕಿಯನ್ನೂ ಬರೆಯಲೇಬೇಕೆಂದು ನಾನು ಇಂದು ಒತ್ತಿ ಹೇಳುವುದು ಈ ಕಾರಣಕ್ಕಾಗಿ.

ಅಂದಿನಿಂದ ಒಂದೇ ಬಂಕಿನಲ್ಲಿ, ಪೈಪು ತಾನಾಗಿ ಮೊದಲ ಸಲ ನಿಂತೊಡನೆ ಸಾಕುಮಾಡಿ, ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯತೊಡಗಿದೆನು. ಬಂದ ಉತ್ತರ 16.2. ಒಂದು ಗ್ಯಾರೇಜಿನವರು ಇಂಜೆಕ್ಟರುಗಳನ್ನು ಶುಚಿಮಾಡಬೇಕೆಂದು 3,800 ರೂಪಾಯಿ ಪಡೆದರು, ಉತ್ತರ ಬದಲಾಗಲಿಲ್ಲ. ಕೊನೆಗೆ ಯಲಹಂಕದ ಹಳೆಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಹೋದಾಗ ಅವರು ಬಾನೆಟ್ಟನ್ನು ತೆರೆಯುವುದಕ್ಕೆ ಮೊದಲೇ ಮೇಲಕ್ಕೆ ನೋಡಿ, “ಸಾರ್, ಇಂಜಿನ್‌ಗೆ ಏನೂ ಆಗಿಲ್ಲ. ಆ ಕ್ಯಾರಿಯರ್ ಬಿಚ್ಚಿಟ್ಟು ಒಂದು ತಿಂಗಳು ಓಡಿಸಿ ನೋಡಿ, ಆಮೇಲೆ ಮೈಲೇಜ್ ಮಾತಾಡೋಣ” ಎಂದರು. “ಅದು ಖಾಲಿ ಇದೆಯಲ್ಲಪ್ಪಾ” ಎಂದೆನು. “ಖಾಲಿ ಇದ್ರೇನು ಸಾರ್, ಗಾಳಿ ಬಿಡುತ್ತಾ?” ಎಂದರು.

ಏರ್ ಶೋ ನಡೆಯುತ್ತಿದ್ದ ವಾರವದು. ಯಲಹಂಕದ ವಾಯುನೆಲೆಯಿಂದ ಎದ್ದ ವಿಮಾನಗಳು ನಮ್ಮ ತಾರಸಿಗಳನ್ನು ನಡುಗಿಸಿಕೊಂಡು ಹೋಗುತ್ತಿದ್ದುವು. ಎಷ್ಟೋ ವರ್ಷಗಳಿಂದ ಅವನ್ನು ನೋಡುತ್ತ ಬಂದಿದ್ದವನಾದರೂ, ನೆಲವನ್ನು ಬಿಟ್ಟ ಕೆಲವೇ ಕ್ಷಣಗಳಲ್ಲಿ ಅವು ಚಕ್ರಗಳನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು ಬಾಗಿಲು ಮುಚ್ಚಿಕೊಳ್ಳುವುದನ್ನು ಗಮನವಿಟ್ಟು ನೋಡಿದುದು ಅದೇ ಮೊದಲು. ಆಕಾಶದಲ್ಲಿ ಆ ಚಕ್ರದ ಭಾರವನ್ನು ವಿಮಾನವು ಹೇಗಿದ್ದರೂ ಹೊರಲೇಬೇಕು. ಹೊರಗೆ ತೂಗಿಸಿಕೊಂಡು ಗಾಳಿಗೆ ಒಡ್ಡಲು ಮಾತ್ರ ಅದು ಒಪ್ಪುವುದಿಲ್ಲ.

ನಾವು ಗಾಡಿ ಕಟ್ಟಿದವರ ಮಕ್ಕಳು. ಎತ್ತಿನ ಗಾಡಿಗೆ ಹೇರುವಾಗ ನಮ್ಮ ತಂದೆ ಮೂಕಿಯ ಕಡೆಗೆ ಭಾರ ಹೆಚ್ಚಿ ಎತ್ತಿನ ಹೆಗಲು ನೋಯದಂತೆ, ಹಿಂದಕ್ಕೆ ಹೆಚ್ಚಿ ನೊಗ ಮೇಲೇಳದಂತೆ, ಮೂಟೆಮೂಟೆಯನ್ನೂ ತೂಗಿ ಇಡುತ್ತಿದ್ದರು. ಗಾಳಿಯ ವಿಚಾರವನ್ನು ಅವರು ಎಂದೂ ಎತ್ತಲಿಲ್ಲ, ಏಕೆಂದರೆ ಎತ್ತು ನಡೆವ ವೇಗಕ್ಕೆ ಗಾಳಿ ಅಡ್ಡಬರುವುದಿಲ್ಲ. ಹೊರೆಯೆಂದರೆ ತೂಕ ಎಂಬ ಅವರ ತಿಳಿವಳಿಕೆಯನ್ನೇ ನಾವು, ಗಂಟೆಗೆ ಎಂಬತ್ತು ಕಿಲೋಮೀಟರು ಓಡುವ ಕಾರಿಗೂ ತಂದುಕೊಂಡೆವು. ಆದರೆ ಇನ್ನೊಂದು ತಿಳಿವಳಿಕೆಯೂ ಅದೇ ಮನೆಯಲ್ಲಿ ಇದ್ದಿತು. ಆಷಾಢದ ಗಾಳಿ ಬೀಸುವಾಗ ನಮ್ಮ ಅಮ್ಮ ಬಣವೆಯಿಂದ ಹಿರಿದ ರಾಗಿಹುಲ್ಲಿನ ಹೊರೆಯನ್ನು ತಲೆಯ ಮೇಲಿಟ್ಟುಕೊಂಡು ಕೆರೆಯ ಏರಿಯ ಮೇಲೆ ಬರುತ್ತಿರಲಿಲ್ಲ, ಸುತ್ತಾದರೂ ಸರಿಯೆಂದು ಏರಿಯ ಕೆಳಗಿನ ಗದ್ದೆಯ ಬದುವನ್ನು ಹಿಡಿಯುತ್ತಿದ್ದಳು. ತೂಕದಲ್ಲಿ ಅದಕ್ಕೆ ಕಡಮೆಯಿಲ್ಲದ ನೀರಿನ ಕೊಡವನ್ನು ಅದೇ ಏರಿಯ ಮೇಲೆ, ಅದೇ ಗಾಳಿಯಲ್ಲಿ, ತೊನೆಯದೆ ತರುತ್ತಿದ್ದಳು. ಹುಲ್ಲಿನ ಹೊರೆಗೂ ಕೊಡಕ್ಕೂ ಇರುವ ಈ ಅಂತರವನ್ನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದ ನಾನು ಕಾರಿನ ವಿಷಯದಲ್ಲಿ ಅದನ್ನು ಮರೆತೆನೆಂಬುದು ನನ್ನನ್ನು ನಿಜವಾಗಿ ನೋಯಿಸಿತು.

ಗಾಳಿಯ ತಡೆ ವೇಗದ ವರ್ಗವನ್ನು ಅನುಸರಿಸಿ ಬೆಳೆಯುತ್ತದೆ. ಗಂಟೆಗೆ 40 ಕಿಲೋಮೀಟರಿನಲ್ಲಿ ಒಂದು ಪಾಲು ಇದ್ದುದು 80ರಲ್ಲಿ ಎರಡು ಪಾಲಲ್ಲ, ನಾಲ್ಕು ಪಾಲು. ತೂಕದಿಂದ ಟೈರಿನ ಉರುಳುವಿಕೆಗೆ ಬರತಕ್ಕ ತಡೆಯಾದರೋ ವೇಗದೊಡನೆ ಅಷ್ಟಾಗಿ ಬದಲಾಗದು. ನನ್ನ ಕ್ಯಾರಿಯರು ಕಾರಿನ ಗಾಳಿತಡೆಯನ್ನು ನೂರಕ್ಕೆ ಹದಿನೈದರಷ್ಟು ಹೆಚ್ಚಿಸಿತ್ತೆಂದು ಇಟ್ಟುಕೊಂಡು (ನನ್ನ ಮೈಲೇಜಿನ ಕುಸಿತಕ್ಕೆ ಸುಮಾರಾಗಿ ಹೊಂದುವ ಅಂಕಿ ಅದೇ) ಲೆಕ್ಕ ಹಾಕಿದರೆ, ಗಂಟೆಗೆ 40ರ ವೇಗದಲ್ಲಿ ಆ ಖಾಲಿ ಚೌಕಟ್ಟು ಕಾರಿನೊಳಗೆ ಐವತ್ತು ಕೆ.ಜಿ.ಯ ಒಂದು ಅಕ್ಕಿ ಮೂಟೆಯನ್ನು ಇಟ್ಟುಕೊಂಡುದಕ್ಕೆ ಸಮ. 80ರಲ್ಲಿ ನಾಲ್ಕು ಮೂಟೆಗೆ ಸಮ. 100ಕ್ಕೆ ಏರಿದರೆ ಆರು ಮೂಟೆ. ರಾಜಾನುಕುಂಟೆಯಿಂದ ದೊಡ್ಡಬಳ್ಳಾಪುರದವರೆಗೆ ಮೂರು ವರ್ಷ, ಬೆಳಗ್ಗೆ ಸಂಜೆ, ನಾನು ನಾಲ್ಕು ಅಕ್ಕಿ ಮೂಟೆಗಳನ್ನು ಯಾರಿಗೂ ಕೊಡದೆ, ಎಲ್ಲಿಯೂ ಇಳಿಸದೆ, ಹೊತ್ತು ತಿರುಗಿದ್ದೆನು.

ನನ್ನ ಅನುಭವ ಒಂಟಿಯಾದುದಲ್ಲ. ಅಮೆರಿಕದ ಸರ್ಕಾರವು ಅಲ್ಲಿನ ವಾಹನದವರಿಗೆ ನೀಡುವ ತಿಳಿವಳಿಕೆಯ ಪ್ರಕಾರ, ಛಾವಣಿಯ ಮೇಲಿನ ದೊಡ್ಡ ಪೆಟ್ಟಿಗೆಯೊಂದು ಊರೊಳಗಿನ ಓಡಾಟದಲ್ಲಿ ನೂರಕ್ಕೆ 2ರಿಂದ 8ರಷ್ಟು, ಹೆದ್ದಾರಿಯಲ್ಲಿ 6ರಿಂದ 17ರಷ್ಟು, ಗಂಟೆಗೆ ನೂರೈದು ಕಿಲೋಮೀಟರಿಗೆ ಮೇಲ್ಪಟ್ಟ ವೇಗದಲ್ಲಿ 10ರಿಂದ 25ರಷ್ಟು ಮೈಲೇಜನ್ನು ತಗ್ಗಿಸಬಲ್ಲದು. ಅದನ್ನೇ ವಾಹನದ ಹಿಂಬದಿಗೆ ಕಟ್ಟಿದರೆ ಅತಿವೇಗದಲ್ಲಿಯೂ ನಷ್ಟ 5ನ್ನು ಮೀರದು. ಸುಮಾರು 45 ಕೆ.ಜಿ. ತೂಕವನ್ನು ಕಾರಿನೊಳಗೆ ಹೆಚ್ಚಾಗಿ ಇಟ್ಟುಕೊಂಡರೆ ಆಗತಕ್ಕ ನಷ್ಟವಾದರೋ ನೂರಕ್ಕೆ ಒಂದರಷ್ಟು. ಅಲ್ಲಿನ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಆ ದೇಶದ ಕಾರು ಮತ್ತು ಲಘುವಾಹನಗಳು ಸುಡುವ ಇಂಧನದಲ್ಲಿ ಸಾವಿರಕ್ಕೆ 0.8ರಷ್ಟು ಈ ಛಾವಣಿಯ ಚೌಕಟ್ಟುಗಳ ಪಾಲೆಂದು ಅಂದಾಜು ಮಾಡಿತು. ಕಚ್ಚಾ ತೈಲದ ಬಹುಪಾಲನ್ನು ಹೊರದೇಶಗಳಿಂದ ಕೊಳ್ಳುವ ನಮಗೆ ಇಂಥ ಅಂಕಿಗಳು ಇನ್ನೂ ಹತ್ತಿರದವಾಗಬೇಕು.

ಕ್ಯಾರಿಯರನ್ನು ಬಿಚ್ಚಿ ಆರು ವಾರ ಓಡಿಸಿದ ಮೇಲೆ ನನ್ನ ಕಾರು 17.5ಕ್ಕೆ ಮರಳಿತು. ಹದಿನಾಲ್ಕು ಸಾವಿರ ಕಿಲೋಮೀಟರಿಗೆ 17.5ರ ಲೆಕ್ಕದಲ್ಲಿ 800 ಲೀಟರು, 16.2ರ ಲೆಕ್ಕದಲ್ಲಿ 864. ಅಂತರ 64 ಲೀಟರು. ಲೀಟರಿಗೆ 102 ರೂಪಾಯಿಯಂತೆ ವರ್ಷಕ್ಕೆ 6,528, ಮೂರು ವರ್ಷಕ್ಕೆ 19,584. ಕ್ಯಾರಿಯರಿನ ಬೆಲೆಯನ್ನೂ ಕೂಡಿಸಿದರೆ 23,784 ರೂಪಾಯಿ. ಆ ಅವಧಿಯಲ್ಲಿ ಅದರ ಮೇಲೆ ನಾನು ಸಾಮಾನು ಹೇರಿದುದು, ಹೆಂಡತಿಯೂ ನಾನೂ ಕುಳಿತು ನೆನಪಿಸಿಕೊಂಡಂತೆ, ಆರು ಸಲ. ಒಂದೊಂದು ಸಲಕ್ಕೂ ಬಿದ್ದ ವೆಚ್ಚ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಮೆ.

ಇದರಲ್ಲಿ ನನ್ನನ್ನು ಬಹುಕಾಲ ಕಾಡಿದ ಅಂಕಿ ಬೇರೊಂದುಂಟು. ಮೂಟೆಗಳನ್ನು ಹೇರಿ ಟಾರ್ಪಾಲು ಹೊದಿಸಿ ಊರಿನಿಂದ ಬಂದ ಕೊನೆಯ ಸಲ ಮೈಲೇಜು 13.2ಕ್ಕೆ ಇಳಿದಿತ್ತು, ನೂರನಲವತ್ತೈದು ಕಿಲೋಮೀಟರಿನ ಆ ದಾರಿಯಲ್ಲಿ ಹೆಚ್ಚಾಗಿ ಉರಿದುದು ಎರಡು ಮುಕ್ಕಾಲು ಲೀಟರಿನಷ್ಟು, ಎಂದರೆ 275 ರೂಪಾಯಿಯ ಪೆಟ್ರೋಲು. ಆರು ಸಲಕ್ಕೂ ಸೇರಿ 1,650. ಹೊರೆ ಹೊತ್ತಾಗ ಆದ ನಷ್ಟ ಇಷ್ಟೇ. ಉಳಿದ ಹದಿನೆಂಟು ಸಾವಿರವೆಲ್ಲ ಹೊರೆಯಿಲ್ಲದ ದಿನಗಳದು. ಆದುದರಿಂದ ಅತ್ತಿಗೆಯ ಮೂಟೆಗಳನ್ನು ನಾನು ದೂರಲಾರೆ, ಕ್ಯಾರಿಯರನ್ನೂ ದೂರಲಾರೆ. ಹೇರಿದ ಸಾಮಾನನ್ನು ಇಳಿಸಿದ ಸಂಜೆಯೇ ಅದನ್ನೂ ಇಳಿಸಬೇಕಾಗಿದ್ದವನು ನಾನು.

ಈ ಲೆಕ್ಕವೆಲ್ಲ ಮುಗಿದ ಮೇಲೆ ಡಿಕ್ಕಿಯನ್ನೂ ತೆರವು ಮಾಡಿದೆನು. ಹಳೆಯ ಪತ್ರಿಕೆಗಳ ಕಟ್ಟು, ಮನೆ ಕಟ್ಟಿಸಿದಾಗ ಉಳಿದ ಟೈಲ್ಸಿನ ಪೆಟ್ಟಿಗೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಎಲ್ಲ ಸೇರಿ ನಲವತ್ತು ಕೆ.ಜಿ. ಇದ್ದಿತು; ವರ್ಷಕ್ಕೆ ಏಳೆಂಟು ನೂರು ರೂಪಾಯಿಯ ಮಾತು. ಭಾರ ತುಂಬಿದ ದಿನ ಟೈರಿಗೆ ಎಷ್ಟು ಗಾಳಿ ಇರಬೇಕೆಂಬುದು ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿಯೇ ಬೇರೆಯಾಗಿ ಬರೆದಿರುತ್ತದೆ; ಅದನ್ನು ಅನುಸರಿಸುವುದಕ್ಕೆ ಖರ್ಚೇನೂ ಇಲ್ಲ.

ಈಗ ಊರಿನಿಂದ ಬರುವಾಗ ಭಾರವಾದ ತೆಂಗಿನಕಾಯಿ ಡಿಕ್ಕಿಯ ತಳಕ್ಕೆ ಹೋಗುತ್ತದೆ, ಬೃಹದಾಕಾರವಾಗಿಯೂ ಹಗುರವಾಗಿಯೂ ಇರುವ ಹಾಸಿಗೆ, ಮೊರ, ಬುಟ್ಟಿಗಳು ಕೆಎಸ್ಆರ್‌ಟಿಸಿಯವರು 2021ರಲ್ಲಿ ತೆರೆದ ‘ನಮ್ಮ ಕಾರ್ಗೊ’ದಲ್ಲಿ ಬರುತ್ತವೆ, ನನ್ನ ಕಾರನ್ನು ಕಾಯದೆ ಹೇಗಿದ್ದರೂ ಓಡತಕ್ಕ ಬಸ್ಸು ಅದು. ಕ್ಯಾರಿಯರು ಹಿತ್ತಲಿನ ಗೋಡೆಗೆ ಒರಗಿದೆ. ಧರ್ಮಸ್ಥಳಕ್ಕೆ ಹೊರಟ ಪಕ್ಕದ ಮನೆಯವರು ಕಳೆದ ಬೇಸಿಗೆಯಲ್ಲಿ ಕೇಳಿದರು, ಕೊಟ್ಟೆನು. ಅದರ ನಾಲ್ಕು ಬೋಲ್ಟುಗಳಿಗೆ ಹೊಂದುವ ಸ್ಪ್ಯಾನರನ್ನು ತೆಂಗಿನ ಹುರಿಯಿಂದ ಚೌಕಟ್ಟಿಗೇ ಕಟ್ಟಿಕೊಟ್ಟಿದ್ದೆನು. ಅವರು ಹಿಂದಿರುಗಿದುದು ಭಾನುವಾರದ ರಾತ್ರಿ ಹತ್ತು ಗಂಟೆಗೆ. ಸಾಮಾನನ್ನು ಒಳಗೆ ಸಾಗಿಸಿದ ಮೇಲೆ ಬೀದಿದೀಪದ ಬೆಳಕಿನಲ್ಲಿ ಅವರೂ ನಾನೂ ಆಚೀಚೆ ನಿಂತು ಅದನ್ನು ಬಿಚ್ಚಿ ಇಳಿಸಿದೆವು.