ಗೂಸ್‌ನೆಕ್ ಟ್ರೇಲರ್: ಮೊದಲು ಮುಂಭಾರದ ಲೆಕ್ಕ

ಅಮೆರಿಕದ ಟೆಕ್ಸಾಸ್, ಒಕ್ಲಹೋಮಾ, ಕಾನ್ಸಸ್ ಮುಂತಾದ ರಾಜ್ಯಗಳಲ್ಲಿ ದನ, ಕುದುರೆ, ಒಣಹುಲ್ಲಿನ ಸುರುಳಿ ಹಾಗೂ ಟ್ರ್ಯಾಕ್ಟರ್‌ಗಳ ಸಾಗಣೆಗೆ ಗೂಸ್‌ನೆಕ್ ಟ್ರೇಲರ್ ವ್ಯಾಪಕವಾಗಿ ಬಳಕೆಯಲ್ಲಿದೆ. ಈ ಟ್ರೇಲರ್‌ನ ಮುಂತುದಿಯಲ್ಲಿ ಮೇಲೆದ್ದು ಮುಂದಕ್ಕೆ ಬಾಗಿದ ಉಕ್ಕಿನ ಕತ್ತು ಇರುತ್ತದೆ. ಕತ್ತಿನ ತುದಿಯ ಕಪ್ಲರ್, ಅಂದರೆ ಕೊಂಡಿಯ ಬಟ್ಟಲು, ಪಿಕಪ್ ಟ್ರಕ್ಕಿನ ತೊಟ್ಟಿಯ ನಡುವೆ ಹಿಂದಿನ ಅಚ್ಚಿನ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಬಿಗಿದ, ಸಾಮಾನ್ಯವಾಗಿ 2 5/16 ಅಂಗುಲ ವ್ಯಾಸದ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಬಂಪರ್‌ನ ಬಳಿ ಕಟ್ಟಿ ಎಳೆಯುವ ಟ್ರೇಲರ್‌ಗಿಂತ ಇದು ಓಲಾಡುವುದು ಕಡಿಮೆ, ಹೊರುವ ಸರಕು ಹೆಚ್ಚು.

ಆದರೆ ಈ ಗುಣಗಳನ್ನೇ ನೆಚ್ಚಿಕೊಂಡು, ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿದ ‘ಎಳೆಯುವ ಸಾಮರ್ಥ್ಯ’ವೊಂದನ್ನೇ ನೋಡಿ ಟ್ರಕ್ ಕೊಳ್ಳುವವರು ಬಹಳ. ಗೂಸ್‌ನೆಕ್ ಬಳಸುವವನ ಟ್ರಕ್ಕು ಬಹುಪಾಲು ಸಂದರ್ಭಗಳಲ್ಲಿ ಸೋಲುವುದು ಎಳೆಯಲಾರದೆ ಅಲ್ಲ, ಹೊರಲಾರದೆ. ಎತ್ತಿನ ಗಾಡಿ ಹೂಡಿದವರಿಗೆ ಇದು ತಿಳಿದ ವಿಷಯ: ಮೂಟೆಗಳನ್ನು ಮುಂದಕ್ಕೆ ಹೇರಿದರೆ ಗಾಡಿ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ಹೇರಿದರೆ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ. ಗೂಸ್‌ನೆಕ್‌ನಲ್ಲಿ ಟ್ರೇಲರ್‌ನ ಒಟ್ಟು ತೂಕದ ಸುಮಾರು ಶೇ. 15ರಿಂದ 25ರಷ್ಟು ಪಾಲು ಟ್ರಕ್ಕಿನ ಹಿಂದಿನ ಅಚ್ಚಿನ ಮೇಲೆ ಮುಂಭಾರವಾಗಿ ಇಳಿಯುತ್ತದೆ. ಬಂಪರ್ ಟ್ರೇಲರ್‌ನಲ್ಲಿ ಈ ಪಾಲು ಸಾಮಾನ್ಯವಾಗಿ ಶೇ. 10ರಿಂದ 15. ಆದ್ದರಿಂದ ಮುಂದಿನ ಹಂತಗಳಲ್ಲಿ ತೂಕದ ಲೆಕ್ಕಕ್ಕೇ ಮೊದಲ ಸ್ಥಾನ.

ಹಂತ 1: ಬಾಗಿಲಿನ ಚೀಟಿ ಓದುವುದು

ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಎರಡು ಅಂಕಿಗಳು ಮುಖ್ಯ. ಜಿವಿಡಬ್ಲ್ಯುಆರ್ ಎಂಬುದು ಟ್ರಕ್ಕು, ಇಂಧನ, ಜನ, ಸರಕು ಮತ್ತು ಟ್ರೇಲರ್‌ನ ಮುಂಭಾರ ಎಲ್ಲವೂ ಸೇರಿ ಟ್ರಕ್ಕಿನ ಚಕ್ರಗಳ ಮೇಲೆ ಇರಬಹುದಾದ ಗರಿಷ್ಠ ತೂಕ. ಜಿಎಡಬ್ಲ್ಯುಆರ್ ಎಂಬುದು ಒಂದೊಂದು ಅಚ್ಚು ತಾಳಬಲ್ಲ ಗರಿಷ್ಠ ತೂಕ. ಜಿವಿಡಬ್ಲ್ಯುಆರ್ 10,000 ಪೌಂಡ್, ಅಂದರೆ 4,536 ಕೆ.ಜಿ. ಮೀರದ ವಾಹನಗಳಲ್ಲಿ ಜನ ಮತ್ತು ಸರಕಿನ ಒಟ್ಟು ಮಿತಿಯನ್ನು ಟೈರ್ ಮಾಹಿತಿಯ ಫಲಕವೇ ನೇರವಾಗಿ ಹೇಳುತ್ತದೆ. ಅದಕ್ಕಿಂತ ದೊಡ್ಡ ಟ್ರಕ್ಕುಗಳಿಗೆ ಆ ಫಲಕ ಕಡ್ಡಾಯವಲ್ಲವಾದ್ದರಿಂದ, ಇಂಧನ ತುಂಬಿದ ಟ್ರಕ್ಕನ್ನು ತೂಗಿಸಿ, ಆ ತೂಕವನ್ನು ಜಿವಿಡಬ್ಲ್ಯುಆರ್‌ನಿಂದ ಕಳೆದು ಹೊರುವ ಮಿತಿಯನ್ನು ಮಾಲೀಕನೇ ಕಂಡುಕೊಳ್ಳಬೇಕಾಗುತ್ತದೆ.

ಟ್ರಕ್ಕಿನ ಹೆಸರಿನಲ್ಲಿರುವ ಅಂಕಿಯನ್ನು ನಂಬುವುದು ತರವಲ್ಲ. ಫೋರ್ಡ್ ಕಂಪನಿಯ ಹಲವು ವರ್ಷಗಳ ಮಾದರಿಗಳಲ್ಲಿ ಎಫ್-450 ಪಿಕಪ್‌ನ ಗರಿಷ್ಠ ಎಳೆಯುವ ಮಿತಿ ಹೆಚ್ಚಿದ್ದರೂ, ಹಿಂದೆ ನಾಲ್ಕು ಚಕ್ರಗಳಿರುವ ಎಫ್-350ರ ಗರಿಷ್ಠ ಹೊರುವ ಮಿತಿ ಅದಕ್ಕಿಂತ ಮೇಲಿದೆ.

ಹಂತ 2: ಮುಂಭಾರದ ಲೆಕ್ಕ

ಹಿಂದೆ ಎರಡೇ ಚಕ್ರಗಳಿರುವ ಒಂದು ಡೀಸೆಲ್ ಟ್ರಕ್ಕಿನ ಜಿವಿಡಬ್ಲ್ಯುಆರ್ 11,500 ಪೌಂಡ್, ಇಂಧನ ತುಂಬಿದ ಬರಿಯ ಟ್ರಕ್ಕಿನ ತೂಕ 7,700 ಪೌಂಡ್ ಎಂದಿಟ್ಟುಕೊಂಡರೆ ಹೊರಲು ಉಳಿಯುವುದು 3,800 ಪೌಂಡ್. ಕೈಪಿಡಿಯ ಪ್ರಕಾರ ಅದು 20,000 ಪೌಂಡ್ ಎಳೆಯಬಲ್ಲದೆಂದೂ, ಕಟ್ಟಿರುವ ಟ್ರೇಲರ್ ಸರಕು ಸಮೇತ 16,000 ಪೌಂಡ್ ಮಾತ್ರವೆಂದೂ ಇಟ್ಟುಕೊಂಡರೆ ಮಾಲೀಕನು ನಿಶ್ಚಿಂತನಾಗಿರುವುದು ಸಹಜ. ಆದರೆ ಶೇ. 20ರ ಲೆಕ್ಕದಲ್ಲಿ ಮುಂಭಾರ 3,200 ಪೌಂಡ್, ನಾಲ್ವರು ಪ್ರಯಾಣಿಕರ ತೂಕ 650 ಪೌಂಡ್, ಗುಂಡಿನ ಜೋಡಣೆ ಮತ್ತು ಉಪಕರಣದ ಪೆಟ್ಟಿಗೆ 300 ಪೌಂಡ್. ಒಟ್ಟು 4,150 ಪೌಂಡ್, ಅಂದರೆ ಮಿತಿಗಿಂತ 350 ಪೌಂಡ್ ಹೆಚ್ಚು. ಮುಂಭಾರ ಶೇ. 25ಕ್ಕೆ ಏರಿದರೆ ಜನರಿಲ್ಲದೆಯೇ ಮಿತಿ ದಾಟುತ್ತದೆ.

ಈ ಹಂತದಲ್ಲಿ ಮಾಲೀಕರು ಹುಡುಕುವ ಎರಡು ಅಡ್ಡದಾರಿಗಳೂ ಅಪಾಯಕರ. ಮೊದಲನೆಯದು ಹಿಂದಿನ ಅಚ್ಚಿಗೆ ಗಾಳಿಚೀಲಗಳನ್ನು ಕೂರಿಸುವುದು. ಕುಗ್ಗಿದ ಟ್ರಕ್ಕು ಇದರಿಂದ ಮಟ್ಟವಾಗಿ ನಿಲ್ಲುವುದು ನಿಜ. ಆದರೆ ಅಚ್ಚು, ಚಕ್ರ, ಟೈರು, ಬ್ರೇಕ್ ಮತ್ತು ಚೌಕಟ್ಟುಗಳಲ್ಲಿ ಯಾವುದರ ಬಲವೂ ಗಾಳಿಯಿಂದ ಹೆಚ್ಚುವುದಿಲ್ಲ, ಜಿವಿಡಬ್ಲ್ಯುಆರ್ ಒಂದು ಪೌಂಡ್ ಕೂಡ ಏರುವುದಿಲ್ಲ. ಮಟ್ಟವಾಗಿ ನಿಂತ ಟ್ರಕ್ಕು ಮಿತಿಯೊಳಗಿದೆ ಎಂಬ ಭ್ರಮೆ ಹುಟ್ಟುವುದರಿಂದ, ಕಣ್ಣಿಗೆ ಕಾಣುತ್ತಿದ್ದ ಎಚ್ಚರಿಕೆಯೊಂದು ಅಳಿಸಿಹೋಗುತ್ತದೆ. ಎರಡನೆಯದು ಸರಕನ್ನು ಟ್ರೇಲರ್‌ನ ಹಿಂದಕ್ಕೆ ಸರಿಸಿ ಮುಂಭಾರವನ್ನು ತೀರ ಇಳಿಸುವುದು. ಹಿಂಭಾರವಾದ ಟ್ರೇಲರ್ ಟ್ರಕ್ಕಿನ ಹಿಂಚಕ್ರಗಳ ಹಿಡಿತವನ್ನು ಸಡಿಲಿಸಿ, ವೇಗ ಹೆಚ್ಚಿದಂತೆ ಓಲಾಡತೊಡಗುತ್ತದೆ. ಸರಕನ್ನು ಇಳಿಸುವುದು, ಇಲ್ಲವೇ ಹಿಂದೆ ನಾಲ್ಕು ಚಕ್ರಗಳಿರುವ ದೊಡ್ಡ ಟ್ರಕ್ಕನ್ನು ಬಳಸುವುದು, ಇವೆರಡೇ ಸರಿಯಾದ ಪರಿಹಾರಗಳು.

ಹಂತ 3: ತೂಗಿಸಿ ನೋಡುವುದು

ಶೇಕಡಾವಾರು ಲೆಕ್ಕ ಅಂದಾಜು ಮಾತ್ರ. ಹೆದ್ದಾರಿ ಬದಿಯ ಟ್ರಕ್ ತಂಗುದಾಣಗಳಲ್ಲಿರುವ ಕ್ಯಾಟ್ ಸ್ಕೇಲ್‌ನಂಥ ವೇಬ್ರಿಡ್ಜ್‌ಗಳು ಟ್ರಕ್ಕಿನ ಮುಂದಿನ ಅಚ್ಚು, ಹಿಂದಿನ ಅಚ್ಚು ಮತ್ತು ಟ್ರೇಲರ್‌ನ ಅಚ್ಚುಗಳನ್ನು ಬೇರೆಬೇರೆಯಾಗಿ ತೂಗುತ್ತವೆ. ಸರಕು ತುಂಬಿದ ಟ್ರೇಲರ್ ಕಟ್ಟಿಕೊಂಡು ಒಮ್ಮೆ, ಟ್ರೇಲರ್ ಬಿಚ್ಚಿಟ್ಟು ಟ್ರಕ್ಕನ್ನು ಮಾತ್ರ ಇನ್ನೊಮ್ಮೆ ತೂಗಿಸಿದಾಗ, ಟ್ರಕ್ಕಿನ ಎರಡು ಅಚ್ಚುಗಳ ಮೊತ್ತದಲ್ಲಿ ಕಾಣುವ ವ್ಯತ್ಯಾಸವೇ ನಿಜವಾದ ಮುಂಭಾರ. ಹಿಂದಿನ ಅಚ್ಚಿನ ತೂಕವನ್ನು ಅದರ ಜಿಎಡಬ್ಲ್ಯುಆರ್ ಜೊತೆಗೂ, ಆ ಅಚ್ಚಿನ ಟೈರುಗಳ ಪಕ್ಕೆಯ ಮೇಲೆ ಅಚ್ಚೊತ್ತಿದ ಮಿತಿಗಳ ಮೊತ್ತದ ಜೊತೆಗೂ ಹೋಲಿಸಬೇಕು. ಈ ಹಂತವನ್ನು ಬಿಟ್ಟು ಮುಂದುವರಿಯುವುದು ಯಾವ ಕಾರಣಕ್ಕೂ ಸಲ್ಲದು.

ಹಂತ 4: ಪರವಾನಗಿ

ಟ್ರಕ್ಕು ಮತ್ತು ಟ್ರೇಲರ್‌ಗಳ ಒಟ್ಟು ತೂಕಮಿತಿ 26,001 ಪೌಂಡ್ ಅಥವಾ ಹೆಚ್ಚಾಗಿದ್ದು, ಅದರಲ್ಲಿ ಟ್ರೇಲರ್‌ನ ಪಾಲು 10,000 ಪೌಂಡ್ ಮೀರಿದರೆ, ವಾಣಿಜ್ಯ ಸಾಗಣೆಗೆ ಎ ದರ್ಜೆಯ ವಾಣಿಜ್ಯ ಪರವಾನಗಿ ಬೇಕು. ಸ್ವಂತ ಬಳಕೆಗೆ ಮತ್ತು ರೈತರಿಗೆ ಇರುವ ವಿನಾಯಿತಿಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ಸ್ವಂತ ಬಳಕೆಗೂ ಈ ತೂಕಕ್ಕೆ ವಾಣಿಜ್ಯೇತರ ಎ ದರ್ಜೆಯ ಪರವಾನಗಿ ಬೇಕಾಗುತ್ತದೆ. ಅಲ್ಲಿ ನೆಲೆಸಿ ಜಮೀನು ಮಾಡುವ ಕನ್ನಡಿಗರು ಸಾಮಾನ್ಯ ಕಾರಿನ ಪರವಾನಗಿಯೇ ಸಾಕೆಂದು ಭಾವಿಸಬಾರದು.

ಹಂತ 5: ಕೊಂಡಿ ಹಾಕುವುದು

ಗುಂಡಿನ ಮೇಲೆ ಕಪ್ಲರ್ ಪೂರ್ತಿ ಇಳಿದ ಮೇಲೆ ಅದರ ಬೀಗವನ್ನು ಮುಚ್ಚಿ ಪಿನ್ ಹಾಕಿ, ಜಾಕಿಯಿಂದ ಕತ್ತನ್ನು ತುಸು ಮೇಲೆತ್ತಿ ನೋಡಬೇಕು. ಟ್ರಕ್ಕಿನ ಹಿಂಭಾಗವೂ ಜೊತೆಗೇ ಮೇಲೆದ್ದರೆ ಕೊಂಡಿ ಕಚ್ಚಿದೆ ಎಂದರ್ಥ. ಸುರಕ್ಷಾ ಸರಪಳಿಗಳನ್ನು ತೊಟ್ಟಿಯಲ್ಲಿ ಅವುಗಳಿಗೆಂದೇ ಇರುವ ಬಳೆಗಳಿಗೆ ಕೊಕ್ಕೆ ಹಾಕಬೇಕು. ಟ್ರೇಲರ್ ಕಳಚಿಕೊಂಡಾಗ ಅದರ ಬ್ರೇಕನ್ನು ತಾನಾಗಿ ಹಿಡಿಸುವ ಬ್ರೇಕ್‌ಅವೇ ಸ್ವಿಚ್ಚಿನ ತಂತಿಯನ್ನು ಸರಪಳಿಗೆ ಕಟ್ಟದೆ ಟ್ರಕ್ಕಿಗೇ ಪ್ರತ್ಯೇಕವಾಗಿ ಕಟ್ಟಬೇಕು, ಏಕೆಂದರೆ ಸರಪಳಿ ಕಿತ್ತು ಹೋದರೆ ತಂತಿಯೂ ಅದರೊಡನೆ ಹೋಗಿ ಸ್ವಿಚ್ಚು ನಿರುಪಯುಕ್ತವಾಗುತ್ತದೆ. ವಾಣಿಜ್ಯ ಸಾಗಣೆಯ ಟ್ರೇಲರ್ ಹಾಗೆ ಕಳಚಿದ ಮೇಲೆ ಬ್ರೇಕ್ ಕನಿಷ್ಠ 15 ನಿಮಿಷ ಹಿಡಿದಿರಬೇಕೆಂಬುದು ಅಮೆರಿಕದ ಒಕ್ಕೂಟ ಸರ್ಕಾರದ ನಿಯಮವಾಗಿರುವುದರಿಂದ, ಟ್ರೇಲರ್‌ನ ಬ್ಯಾಟರಿಯನ್ನೂ ಪರೀಕ್ಷಿಸಬೇಕು. ಕಡೆಯದಾಗಿ, ಟ್ರೇಲರ್ ನೆಲಕ್ಕೆ ಸಮಾಂತರವಾಗಿ ನಿಂತು, ಕತ್ತಿಗೂ ತೊಟ್ಟಿಯ ಅಂಚಿಗೂ ನಡುವೆ ಸುಮಾರು 6 ಅಂಗುಲ ಅಂತರ ಇರಬೇಕು.

ಹಂತ 6: ಬ್ರೇಕ್ ಮತ್ತು ಚಾಲನೆ

ಟ್ರೇಲರ್‌ನ ವಿದ್ಯುತ್ ಬ್ರೇಕಿನ ಬಲವನ್ನು ಹೊಂದಿಸಲು, ಒಣಗಿದ ಮಟ್ಟಸ ರಸ್ತೆಯಲ್ಲಿ ಗಂಟೆಗೆ ಸುಮಾರು 25 ಮೈಲಿ ವೇಗದಲ್ಲಿ ಕ್ಯಾಬಿನ್ನಿನಲ್ಲಿರುವ ಬ್ರೇಕ್ ನಿಯಂತ್ರಕದ ಕೈಲಿವರನ್ನು ಪೂರ್ತಿ ಒತ್ತಿ, ಚಕ್ರಗಳು ಜಾರದೆ ಬಲವಾಗಿ ತಡೆಯುವಂತೆ ಮಾಡಬೇಕು. ಸರಕಿನ ತೂಕ ಬದಲಾದಾಗಲೆಲ್ಲ ಇದನ್ನು ಮತ್ತೆ ಹೊಂದಿಸಬೇಕು. ಇಳಿಜಾರಿನಲ್ಲಿ ಮೊದಲೇ ಕೆಳಗಿನ ಗೇರಿಗೆ ಬರಬೇಕು. ತಿರುವಿನಲ್ಲಿ ಟ್ರೇಲರ್‌ನ ಚಕ್ರಗಳು ಒಳಬದಿಗೆ ಸರಿಯುವುದರಿಂದ ಅಗಲವಾಗಿ ತಿರುಗಬೇಕು. ತೊಟ್ಟಿ ಗಿಡ್ಡವಾಗಿರುವ ಟ್ರಕ್ಕಿನಲ್ಲಿ ಹಿಮ್ಮುಖವಾಗಿ ಚಲಿಸುವಾಗ ಟ್ರೇಲರ್‌ನ ಮೂಲೆ ಕ್ಯಾಬಿನ್ನಿಗೆ ಬಡಿಯಬಹುದಾದ್ದರಿಂದ ಹೊರಗೊಬ್ಬರು ನಿಂತು ನೋಡುವುದು ಲೇಸು. ಚಕ್ರ ಬಿಚ್ಚಿ ಹಾಕಿದ್ದರೆ ಮೊದಲ 50 ಮೈಲಿಯ ನಂತರ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಬೇಕು.