ಟಿಎಸ್‌ಎಚ್ ಏರಿದರೆ ಥೈರಾಯ್ಡ್ ಏರಿದಂತಲ್ಲ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಅಕ್ಕಂದಿರೇ, ರಿಪೋರ್ಟಿನಲ್ಲಿ ಟಿಎಸ್‌ಎಚ್ 9 ಎಂದು ಕಂಡ ಕೂಡಲೇ ‘ಥೈರಾಯ್ಡ್ ಜಾಸ್ತಿಯಾಗಿದೆ’ ಅನ್ನಬೇಡಿ. ಸಾಮಾನ್ಯವಾಗಿ ಆಗಿರುವುದು ಅದರ ತದ್ವಿರುದ್ಧ. ಟಿಎಸ್‌ಎಚ್ ಬರುವುದು ಕತ್ತಿನ ಥೈರಾಯ್ಡ್ ಗ್ರಂಥಿಯಿಂದಲ್ಲ, ಮೆದುಳಿನ ಬುಡದ ಪಿಟ್ಯುಟರಿಯಿಂದ. ಸೊಸೆಯ ಕೈ ನಿಧಾನವಾದರೆ ಅತ್ತೆಯ ದನಿ ಏರುವಂತೆ, ಥೈರಾಯ್ಡ್ ಹಾರ್ಮೋನು ಕಮ್ಮಿಯಾದಾಗ ಇದು ಏರುತ್ತದೆ, ಹೆಚ್ಚಾದಾಗ ಇಳಿಯುತ್ತದೆ. ದೊಡ್ಡವರಲ್ಲಿ ಸುಮಾರು 0.4ರಿಂದ 4 ಸಹಜ. ಗರ್ಭಿಣಿಯರ ಲೆಕ್ಕ ಬೇರೆ, ಅವರು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಉಳಿದವರಲ್ಲಿ ಸ್ವಲ್ಪ ಏರಿದ್ದರೆ ಫ್ರೀ ಟಿ4 ಜೊತೆಗೆ ಇನ್ನೊಮ್ಮೆ ನೋಡಿಯೇ ಸಾಮಾನ್ಯವಾಗಿ ಮಾತ್ರೆಯ ತೀರ್ಮಾನ.

ಹನೂರಿನಿಂದ ಬೆಳಗಿನ ಬಸ್ಸಿಗೆ ರಕ್ತ ಕೊಡಲು ಬರುವವರು ತಿಂಡಿ ತಿಂದೇ ಬನ್ನಿ, ಈ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರ ಆ ದಿನ ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆಂದು ಬಯೋಟಿನ್ ತಿನ್ನುತ್ತಿದ್ದರೆ ಮೊದಲೇ ಹೇಳಿ, ಅದು ಫಲಿತಾಂಶವನ್ನೇ ಕೆಡಿಸಬಲ್ಲದು.

ಮಿಕ್ಕ ದಿನ ಮಾತ್ರೆ ಖಾಲಿ ಹೊಟ್ಟೆಗೆ, ಕಾಫಿಗೆ ಅರ್ಧ ಗಂಟೆಯಾದರೂ ಮುಂಚೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ. ಡೋಸ್ ಬದಲಾದ ವಾರಕ್ಕೇ ಪರೀಕ್ಷೆಗೆ ಓಡುವುದು ದುಡ್ಡು ದಂಡ. ಆರೇಳು ವಾರ ಬೇಕು. ಸಲೀಸಾಯಿತೆಂದು ನೀವಾಗಿಯೇ ಮಾತ್ರೆ ಬಿಡಬೇಡಿ, ವೈದ್ಯರನ್ನು ಕೇಳಿ.